ಕಬ್ಬಿಣದ ಬಾಣಲೆ ಬಚ್ಚಲಿಗೆ ಹೋದ ಕತೆ

ನಮ್ಮ ಮನೆ ಬಚ್ಚಲಿನ ಮೂಲೆಯಲ್ಲಿ ಒಂದು ಕಬ್ಬಿಣದ ಬಾಣಲೆ ಇದೆ. ಅಜ್ಜಿ ಕಾಲದ್ದು. ಒಂದು ಕಿವಿ ಮುರಿದಿದೆ. ಶನಿವಾರ ರಾತ್ರಿ ಅದು ಈಚೆ ಬರುತ್ತದೆ. ಅದಕ್ಕೆ ನಾಲ್ಕು ಚಮಚ ಮೆಹಂದಿ ಪುಡಿ, ಒಂದು ಚಮಚ ನೆಲ್ಲಿಕಾಯಿ ಪುಡಿ, ಮೇಲೆ ಟೀ ಪುಡಿ ಕಾಫಿ ಪುಡಿ ಎರಡನ್ನೂ ಹಾಕಿ ಕುದಿಸಿದ ಡಿಕಾಕ್ಷನ್. ಕಲಸಿ ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಹಸಿರು ಹೋಗಿ ಕಪ್ಪಾಗಿರುತ್ತದೆ, ಅಂಚಿನಲ್ಲಿ ಮಸಿ ಚೆಲ್ಲಿದಂಥ ಗೆರೆ ಕೂತಿರುತ್ತದೆ. ಅದನ್ನು ತಲೆಗೆ ಮೆತ್ತಿಕೊಂಡು, ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು, ಎರಡು ಗಂಟೆ ಯಾರ ಕಣ್ಣಿಗೂ ಬೀಳದಂತೆ ಹಿತ್ತಲಲ್ಲಿ ಓಡಾಡಬೇಕು. ಬೇಸಿಗೆಯಲ್ಲಿ ಪರವಾಗಿಲ್ಲ. ನಮ್ಮ ಕೊಡಗಿನ ನಾಪೋಕ್ಲಿನ ಜುಲೈ ಮಳೆಯಲ್ಲಿ ಒದ್ದೆ ಸೆಗಣಿಯಂಥದ್ದನ್ನು ತಲೆ ಮೇಲೆ ಹೊತ್ತು ಕೂತರೆ ಶೀತ ಆಗದೆ ಇನ್ನೇನಾಗುತ್ತದೆ?

ಹನ್ನೆರಡು ವರ್ಷದಿಂದ ಇದನ್ನು ಮಾಡುತ್ತಿದ್ದೇನೆ. ನನಗೆ ಈಗ 36. ಲೆಕ್ಕ ಹಾಕಿಕೊಳ್ಳಿ.

ಮೊದಲ ಬಿಳಿ ಕೂದಲು ಕಂಡಿದ್ದು ನನಗಲ್ಲ, ನಮ್ಮ ಚಿಕ್ಕಮ್ಮನಿಗೆ. ನೆಂಟರ ಮದುವೆಗೆ ಹೊರಟಿದ್ದೆವು, ನನಗೆ 23, ಅವರು ಜಡೆ ಹೆಣೆಯುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಚುರುಕ್ ಅಂತ ಒಂದು ಕಿತ್ತು ನನ್ನ ಅಂಗೈ ಮೇಲೆ ಇಟ್ಟರು. 'ಅಯ್ಯೋ, ಇಷ್ಟು ಬೇಗ ಬಂತಾ ನಿಂಗೆ?' ಅಂದರು. ಕೋಣೆಯಲ್ಲಿ ಇದ್ದ ಆರು ಹೆಂಗಸರೂ ಬಂದು ನೋಡಿದರು. ಒಬ್ಬರು ಕೀಳಬಾರದಿತ್ತು, ಒಂದು ಕಿತ್ತರೆ ಏಳು ಬರುತ್ತೆ ಅಂದರು. ಇನ್ನೊಬ್ಬರು ಕೊಬ್ಬರಿ ಎಣ್ಣೆಗೆ ಕರಿಬೇವು ಹಾಕಿ ಕಾಯಿಸು ಅಂದರು. ಮಗಳಿಗೆ ಗಂಡು ನೋಡುವ ಮೊದಲು ಇದಕ್ಕೊಂದು ದಾರಿ ಮಾಡಿ ಅಂತ ಮೂರನೆಯವರು ಅವ್ವನ ಕಿವಿಯಲ್ಲಿ ಹೇಳಿದರು. ನನಗೆ ಕೇಳಿಸುವ ಹಾಗೇ ಹೇಳಿದರು.

ಆ ವರ್ಷವೇ ನನಗೆ ಇನ್ನೂ ಕೆಲವು ತೊಂದರೆಗಳು ಆಗುತ್ತಿದ್ದವು. ಅವನ್ನು ಯಾರೂ ಕಿತ್ತು ಅಂಗೈ ಮೇಲೆ ಇಡಲಿಲ್ಲ.

ತೀರ್ಥೋದ್ಭವಕ್ಕೆ ತಲಕಾವೇರಿಗೆ ಹೋದರೆ ಅರ್ಧ ಮೆಟ್ಟಿಲಿಗೇ ಎದೆ ಡಬಡಬ ಅನ್ನುತ್ತಿತ್ತು. ಹಿಂದೆ ಬರುತ್ತಿದ್ದ ಅಜ್ಜಿಯಂದಿರು ನನ್ನನ್ನು ದಾಟಿ ಹೋಗುತ್ತಿದ್ದರು. ರಾತ್ರಿ ಮಲಗಿದರೆ ಕಾಲೊಳಗೆ ಇರುವೆ ಹರಿದ ಹಾಗೆ, ಆಡಿಸುತ್ತಲೇ ಇರಬೇಕು. ಬಾಯಿಯ ಮೂಲೆಗಳು ಸೀಳುತ್ತಿದ್ದವು. ಬೆಳಿಗ್ಗೆ ಎದ್ದ ಕೂಡಲೇ ಸುಸ್ತು. ಇನ್ನೊಂದು ಹೇಳಿದರೆ ನಗಬಾರದು. ನಾನು ಹಸಿ ಅಕ್ಕಿ ತಿನ್ನುತ್ತಿದ್ದೆ. ಮೊರದಲ್ಲಿ ಅಕ್ಕಿ ಆರಿಸಲು ಕೂತರೆ ಕಲ್ಲು ಆರಿಸುವುದಕ್ಕಿಂತ ಬಾಯಿಗೆ ಹೋಗುತ್ತಿದ್ದುದೇ ಜಾಸ್ತಿ. ಆಮೇಲೆ ಆಮೇಲೆ ಡಬ್ಬಿಯಿಂದ ಸುಮ್ನೆ ಒಂದು ಹಿಡಿ ತೆಗೆದು ಚೂಡಿದಾರದ ಜೇಬಿಗೆ ಹಾಕಿಕೊಂಡು ಆಫೀಸಿಗೆ ಹೋಗುತ್ತಿದ್ದೆ. ಆ ಕರಕರ ಸದ್ದು, ಹಿಟ್ಟಿನ ಆ ಪರಿಮಳ, ಈಗ ನೆನೆದರೆ ನನಗೇ ವಿಚಿತ್ರ. 'ಹಸಿ ಅಕ್ಕಿ ತಿಂದರೆ ಮದುವೇಲಿ ಮಳೆ ಬರುತ್ತೆ' ಅಂತ ಅವ್ವ ಬೈಯುತ್ತಿದ್ದಳು. ಏಪ್ರಿಲ್ ಕೊನೆಯಲ್ಲಿ ನನ್ನ ಮದುವೆಯಾಯಿತು. ಮಳೆ ಬಂತು. ಅವ್ವನಿಗೆ ಇವತ್ತಿಗೂ ಅದು ಸಾಕ್ಷಿ. ಕೊಡಗಿನಲ್ಲಿ ಮದುವೆಗೆ ಮಳೆ ಬರೋಕೆ ಹುಡುಗಿ ಅಕ್ಕಿ ತಿನ್ನಲೇಬೇಕಾ?

ಹೀಗೆ ತಿನ್ನಬಾರದ್ದನ್ನು ತಿನ್ನುವ ಚಪಲಕ್ಕೆ ವೈದ್ಯರು 'ಪೈಕಾ' ಅನ್ನುತ್ತಾರೆ. ಕಬ್ಬಿಣದ ಕೊರತೆ ಇರುವವರಲ್ಲಿ ಇದು ಸಾಕಷ್ಟು ಕಾಣುತ್ತದೆ. ಕೆಲವರಿಗೆ ಮಣ್ಣು, ಕೆಲವರಿಗೆ ಬಳಪ, ಕೆಲವರಿಗೆ ಐಸ್, ನನಗೆ ಅಕ್ಕಿ. ಬಸುರಿಯರು ಬಳಪ ತಿಂದರೆ ನಾವು ಬಯಕೆ ಅಂತೇವೆ, ಮಕ್ಕಳು ಮಣ್ಣು ತಿಂದರೆ ಕೃಷ್ಣ ಅಂತೇವೆ. ರಕ್ತ ಪರೀಕ್ಷೆ ಅಂತ ಯಾರ ಬಾಯಲ್ಲೂ ಬರುವುದಿಲ್ಲ.

ಒಮ್ಮೆ ಒಬ್ಬ ಡಾಕ್ಟರ ಹತ್ತಿರ ಹೋಗಿದ್ದೂ ಉಂಟು. ಹೆಸರು ಬೇಡ. ಸುಸ್ತು ಅಂದೆ. ಮದುವೆಯಾಗಿ ಎಷ್ಟು ವರ್ಷ ಅಂತ ಕೇಳಿದರು. ಎರಡು ಅಂದೆ. ಟೆನ್ಷನ್ ಮಾಡ್ಕೋಬೇಡಿ ಅಂತ ಕೆಂಪು ಬಣ್ಣದ ಟಾನಿಕ್ ಬರೆದುಕೊಟ್ಟರು. ಮೂರು ನಿಮಿಷದಲ್ಲಿ ಹೊರಗಿದ್ದೆ. ತಪ್ಪು ಅವರದ್ದಷ್ಟೇ ಅಲ್ಲ ಬಿಡಿ, ನಾನೂ ಅದನ್ನೇ ನಂಬಿದೆ. ಸುಸ್ತು ಯಾರಿಗಿಲ್ಲ? ಅವ್ವನಿಗಿಲ್ಲವಾ, ಅತ್ತೆಗಿಲ್ಲವಾ?

ಕೊನೆಗೆ ನನ್ನನ್ನು ಲ್ಯಾಬಿನ ಬಾಗಿಲಿಗೆ ಕರೆದುಕೊಂಡು ಹೋಗಿದ್ದು ಬಿಳಿ ಕೂದಲೇ. ಎರಡು ವರ್ಷದ ಹಿಂದಿನ ಮಾತು. ಫೋನಿನಲ್ಲಿ ಒಂದು ವಿಡಿಯೊ ಬಂತು. ಬಿಳಿ ಕೂದಲಿಗೆ ಕಾರಣ ಕಬ್ಬಿಣದ ಕೊರತೆ, ನಮ್ಮ ಪುಡಿ ತಿನ್ನಿ, 30 ದಿನದಲ್ಲಿ ಬೇರಿನಿಂದ ಕಪ್ಪು. ಪುಡಿಗೆ 1,200 ರೂಪಾಯಿ. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು, 1,200 ರೂಪಾಯಿಗೆ ಸುಮ್ನೆ ಕೈಯೆತ್ತುವವಳಲ್ಲ. ಅದರ ಬದಲು ಚರ್ಮದ ಡಾಕ್ಟರಿಗೆ ತೋರಿಸಿಬಿಡೋಣ ಅಂತ ಹೊರಟೆ. ಆ ಪುಡಿ ಮಾರುವವನಿಗೆ ನಾನು ಒಂದು ರೀತಿಯಲ್ಲಿ ಋಣಿ.

ಆ ಡಾಕ್ಟರಮ್ಮ ನನ್ನ ತಲೆಯನ್ನು ಒಂದು ನಿಮಿಷ ನೋಡಿರಬಹುದು. ಆಮೇಲೆ ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದರು. ನಾಲಿಗೆ ತೋರಿಸಿ ಅಂದರು. ಉಗುರು ನೋಡಿದರು. ನನ್ನ ಹೆಬ್ಬೆರಳಿನ ಉಗುರು ನಡುವೆ ತಗ್ಗಾಗಿ ಅಂಚು ಮೇಲೆದ್ದಿತ್ತು, ಒಂದು ಹನಿ ನೀರು ಹಾಕಿದರೆ ನಿಲ್ಲುವಷ್ಟು. ನೆಲ ಒರೆಸಿ ಒರೆಸಿ ಹಾಗಾಗಿದೆ ಅಂತ ನಾನು ತಿಳಿದಿದ್ದೆ. 'ಮಂಜುಗಡ್ಡೆ, ಮಣ್ಣು, ಅಕ್ಕಿ ಏನಾದರೂ ತಿನ್ನಬೇಕು ಅನಿಸುತ್ತಾ?' ಅಂತ ಕೇಳಿದರು. ಹನ್ನೊಂದು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲನೆಯವರು. ಜೇಬಿನಲ್ಲಿ ಆಗಲೂ ನಾಲ್ಕು ಕಾಳು ಇತ್ತು.

ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 7.4. ಬಸುರಿ ಅಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಫೆರಿಟಿನ್ 5. ಅದು 15ಕ್ಕಿಂತ ಕೆಳಗಿದ್ದರೆ ಕಬ್ಬಿಣ ಬರಿದಾಗಿದೆ ಅಂತ ಅರ್ಥ, ಎಷ್ಟೋ ವೈದ್ಯರು 30 ಅಂದರೇ ಎಚ್ಚರಾಗುತ್ತಾರೆ. ಥೈರಾಯ್ಡ್ ಸರಿ, ಬಿ12 ಸರಿ.

ಹಿಮೋಗ್ಲೋಬಿನ್ ನನಗೆ ಗೊತ್ತಿತ್ತು. ಫೆರಿಟಿನ್ ಗೊತ್ತಿರಲಿಲ್ಲ. ನನ್ನ ಭಾಷೆಯಲ್ಲಿ ಹೇಳುತ್ತೇನೆ. ಹಿಮೋಗ್ಲೋಬಿನ್ ಅಂದರೆ ಕೈಯಲ್ಲಿರುವ ನಗದು. ಫೆರಿಟಿನ್ ಅಂದರೆ ಡಿಪಾಸಿಟ್. ಮನೆಯಲ್ಲಿ ಆದಾಯಕ್ಕಿಂತ ಖರ್ಚು ಜಾಸ್ತಿಯಾದರೆ ಮೊದಲು ಏನು ಮಾಡುತ್ತೇವೆ? ಸದ್ದಿಲ್ಲದೆ ಡಿಪಾಸಿಟ್ ಮುರಿಯುತ್ತೇವೆ. ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ, ಅಂಗಡಿ ಬಾಕಿ ಇಲ್ಲ, ಮದುವೆಗೆ ಮುಯ್ಯಿ ಸರಿಯಾಗಿ ಹೋಗುತ್ತಿದೆ. ಡಿಪಾಸಿಟ್ ಪೂರ್ತಿ ಮುಗಿದ ಮೇಲೆ ನಗದು ಇಳಿಯಲು ಶುರು. ಅಂದರೆ ಹಿಮೋಗ್ಲೋಬಿನ್ ಇನ್ನೂ 12 ಇರುವಾಗಲೇ ಒಳಗೆ ಖಜಾನೆ ಖಾಲಿಯಾಗಿರಬಹುದು, ಸುಸ್ತು ಕಾಲುಸೆಳೆತ ಕೂದಲುದುರುವುದು ಎಲ್ಲ ಶುರುವಾಗಿರಬಹುದು, ಬೆರಳು ಚುಚ್ಚಿ ನೋಡಿದವರು ಮಾತ್ರ ರಕ್ತ ಚೆನ್ನಾಗಿದೆ ಅಂತ ಹೇಳಿ ಕಳಿಸಿರುತ್ತಾರೆ.

ಮನೆಯಲ್ಲಿ ಹೇಳಿದಾಗ ಮೊದಲ ಮಾತು: 'ಹಂದಿ ತಿನ್ನೋ ಮನೇಲಿ ರಕ್ತ ಕಮ್ಮಿಯಾ?'

ನ್ಯಾಯವಾದ ಪ್ರಶ್ನೆಯೇ. ಮಾಂಸದಲ್ಲಿರುವ ಕಬ್ಬಿಣ ಸೊಪ್ಪು ಕಾಳಿನದ್ದಕ್ಕಿಂತ ಎಷ್ಟೋ ಸುಲಭವಾಗಿ ಮೈಗೆ ಹತ್ತುತ್ತದೆ. ಆದರೆ ಹಂದಿ ಮಾಡುವುದು ವಾರಕ್ಕೊಮ್ಮೆ, ಬಡಿಸಿ ಕೊನೆಗೆ ಕೂರುವವರ ತಟ್ಟೆಗೆ ಬರುವುದು ಗೊಜ್ಜು, ಎರಡು ತುಂಡು ಕೊಬ್ಬು. ಉಳಿದ ಆರು ದಿನ ಅಕ್ಕಿ ರೊಟ್ಟಿ, ಅನ್ನ, ಸಾರು, ನೂಪುಟ್ಟು. ಅಕ್ಕಿ, ಅಕ್ಕಿ, ಅಕ್ಕಿ. ಇದು ಜಮೆಯ ಕಡೆ. ಖರ್ಚಿನ ಕಡೆ ನಾನು ಯಾವತ್ತೂ ನೋಡಿರಲಿಲ್ಲ.

'ಮುಟ್ಟು ಹೇಗೆ?' ಅಂತ ಡಾಕ್ಟರಮ್ಮ ಕೇಳಿದಾಗ 'ನಾರ್ಮಲ್' ಅಂದಿದ್ದೆ. ಎಷ್ಟು ದಿನ? ಏಳೆಂಟು. ಗಡ್ಡೆ ಗಡ್ಡೆಯಾಗಿ ಹೋಗುತ್ತಾ? ಹೋಗುತ್ತೆ. ರಾತ್ರಿ ಎದ್ದು ಬದಲಾಯಿಸಬೇಕಾ? ಎರಡು ಸಲ. 'ಇದನ್ನ ನಾರ್ಮಲ್ ಅಂತ ಯಾರು ಹೇಳಿದ್ದು?' ಅಂದರು. ಯಾರೂ ಹೇಳಿರಲಿಲ್ಲ. ಅವ್ವನಿಗೂ ಹಾಗೇ, ಅಕ್ಕನಿಗೂ ಹಾಗೇ, ಅದಕ್ಕೆ ನಾರ್ಮಲ್.

ಲೆಕ್ಕ ಹೀಗಿದೆ. ಒಂದು ಮಿಲಿ ಲೀಟರ್ ಒಳ್ಳೆ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ. ತಿಂಗಳಿಗೆ 80 ಮಿಲಿ ಲೀಟರ್‌ಗಿಂತ ಜಾಸ್ತಿ ಹೋದರೆ ಅದನ್ನು ಅತಿಸ್ರಾವ ಅನ್ನುತ್ತಾರೆ. 80 ಅಂದರೆ 40 ಮಿಲಿಗ್ರಾಂ ಕಬ್ಬಿಣ. ಊಟದಿಂದ ಕರುಳು ಹೀರಿಕೊಳ್ಳುವುದು ದಿನಕ್ಕೆ ಒಂದೋ ಎರಡೋ ಮಿಲಿಗ್ರಾಂ, ಅದರಲ್ಲಿ ಒಂದರಷ್ಟು ಚರ್ಮ, ಕರುಳಿನ ಸವೆತಕ್ಕೇ ಹೋಗುತ್ತದೆ. ಉಳಿದಿದ್ದರಲ್ಲಿ ತಿಂಗಳಿಗೆ 40 ಕಟ್ಟಬೇಕು. ಸೊಸೈಟಿಯಲ್ಲಿ ಯಾರಾದರೂ ಈ ಲೆಕ್ಕ ತಂದರೆ ನಾನೇ ಸಾಲ ಕೊಡಬೇಡಿ ಅಂತ ಬರೆಯುತ್ತಿದ್ದೆ. ನಮ್ಮ ದೇಶದ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸರಿಗೆ 19 ಅಂತ 2020ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳಿದ್ದು ಇದಕ್ಕೇ. ನಮ್ಮ ಊಟದಲ್ಲಿ ಇರುವುದರಲ್ಲಿ ಹತ್ತರಲ್ಲೊಂದು ಪಾಲೂ ಒಳಗೆ ಸೇರುವುದು ಕಷ್ಟ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಗಂಡಸರಲ್ಲಿ 25. ನಾನು ಬಹುಮತದ ಕಡೆ ಇದ್ದೆ ಅಂತಾಯಿತು.

ಈಗ ಮಾತ್ರೆಯ ಕತೆ. ಇಲ್ಲಿ ನಾನು ಮಾಡಿದ ದಡ್ಡತನವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಬ್ಬಿಣದ ಮಾತ್ರೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಒಳ್ಳೆಯದು ಅಂದಿದ್ದರು. ತೆಗೆದುಕೊಂಡೆ. ಹೊಟ್ಟೆ ತೊಳೆಸಿತು, ಬಾಯೆಲ್ಲ ತುಕ್ಕು ಹಿಡಿದ ಮೊಳೆ ಚೀಪಿದ ರುಚಿ, ಮಲ ಡಾಂಬರಿನಷ್ಟು ಕಪ್ಪು, ಅದೂ ಎರಡು ದಿನಕ್ಕೊಮ್ಮೆ. ಈ ಕಪ್ಪಿನ ವಿಷಯ ಯಾರೂ ಮೊದಲೇ ಹೇಳಿರಲಿಲ್ಲ. ಹೆದರಿ ಫೋನ್ ಮಾಡಿದೆ. ಅದು ಮಾತ್ರೆಯ ಬಣ್ಣ, ಭಯಪಡಬೇಡಿ ಅಂದರು. ಸರಿ, ಹೊಟ್ಟೆ ತೊಳೆಸದಿರಲು ನಾನು ಒಂದು ಉಪಾಯ ಮಾಡಿದೆ. ಬೆಳಿಗ್ಗೆ ಕಾಫಿ ಜೊತೆ ನುಂಗಿದೆ. ಅಬ್ಬಾ, ಎಷ್ಟು ಆರಾಮ! ತೊಳೆಸುವುದೇ ಇಲ್ಲ. ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದೆ.

ಎರಡು ತಿಂಗಳ ಮೇಲೆ ಹಿಮೋಗ್ಲೋಬಿನ್ 8.1. ಇಷ್ಟರಲ್ಲಿ ಕಡಿಮೆಯೆಂದರೂ ಎರಡು ಗ್ರಾಂ ಏರಬೇಕಿತ್ತು. ಹೇಗೆ ತಗೋತೀರಿ ಅಂತ ಕೇಳಿದರು. ಕಾಫಿ ಜೊತೆ ಅಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಕಾಫಿ, ಟೀಯಲ್ಲಿರುವ ಒಗರಿನ ಪದಾರ್ಥಗಳು ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತವೆ. ಹಾಗೆ ಹಿಡಿದದ್ದು ಕರುಳಿಗೆ ಸಿಗುವುದಿಲ್ಲ, ಸೀದಾ ಹೊರಗೆ. ತಪ್ಪು ಕೆಫೀನಿನದಲ್ಲ, ಆ ಒಗರಿನದು. 1983ರಲ್ಲಿ ಅಮೆರಿಕದಲ್ಲಿ ಇದನ್ನು ಅಳೆದು ನೋಡಿದ್ದಾರೆ. ಊಟದ ಜೊತೆ ಒಂದು ಕಪ್ ಕಾಫಿ ಕುಡಿದರೆ ಕಬ್ಬಿಣ ಹೀರಿಕೊಳ್ಳುವುದು ನೂರಕ್ಕೆ 39ರಷ್ಟು ಕಡಿಮೆ, ಟೀ ಕುಡಿದರೆ 64ರಷ್ಟು ಕಡಿಮೆ. ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದರೆ ಏನೂ ತೊಂದರೆಯಿಲ್ಲ. ಊಟವಾಗಿ ಒಂದು ಗಂಟೆಯ ನಂತರ ಕುಡಿದರೂ ಜೊತೆಯಲ್ಲಿ ಕುಡಿದಷ್ಟೇ ನಷ್ಟ. ಇದನ್ನು ಓದಿದಾಗ ನಾನು ನಿಜವಾಗಿ ಕೂತುಬಿಟ್ಟೆ. ದೇಶದ ಕಾಫಿಯಲ್ಲಿ ಮೂರನೇ ಒಂದು ಪಾಲಿನಷ್ಟು ಬೆಳೆಯುವ ಜಿಲ್ಲೆ ನಮ್ಮದು. ಇಲ್ಲಿ ತಿಂಡಿಗೆ ಕಾಫಿ, ಊಟದ ಮೇಲೆ ಕಾಫಿ, ನೆಂಟರು ಬಂದರೆ ಕಾಫಿ, ನೆಂಟರು ಹೋದ ಮೇಲೆ ಸದ್ಯ ಹೋದರಲ್ಲ ಅಂತ ಇನ್ನೊಂದು ಕಾಫಿ.

ಅದರಲ್ಲೂ ನಮ್ಮ ಬೆಲ್ಲ ಕಾಫಿ. ಬೆಲ್ಲದಲ್ಲಿ ಕಬ್ಬಿಣ ಇದೆ, ರಕ್ತಕ್ಕೆ ಒಳ್ಳೇದು ಅಂತ ಅತ್ತೆ ದೊಡ್ಡ ಲೋಟದಲ್ಲಿ ಕೊಡುತ್ತಿದ್ದರು. ಒಂದು ಚಮಚ ಬೆಲ್ಲದಲ್ಲಿ ಒಂದು ಮಿಲಿಗ್ರಾಂ ಇದ್ದರೆ ಅದೇ ದೊಡ್ಡದು, ಅದಕ್ಕೂ ಅದೇ ಲೋಟದಲ್ಲಿ ಕಾಫಿ ಕಾವಲು. ನನಗೆ ಯಾರ ಮೇಲೂ ಸಿಟ್ಟಿಲ್ಲ. ಬೀಟ್‌ರೂಟ್ ತಿನ್ನು, ರಕ್ತ ಕೆಂಪಗಾಗುತ್ತೆ ಅನ್ನುವುದೂ ಹೀಗೇ. ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಎರಡು ಬಟ್ಟಲು ಜಾಸ್ತಿ ತಿನ್ನಿಸಿದರು, ಆ ನೇರಳೆ ಬಣ್ಣ ಎಲ್ಲಿಗೆ ಹೋಗುತ್ತೆ ಅಂತ ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಎಲ್ಲ ಕೊಡಗಿನವರಿಗೂ ಗೊತ್ತಾಗುತ್ತದೆ. ಪಾಯಸ ನನಗೆ ಇಷ್ಟ, ಮುಂದಿನ ವರ್ಷವೂ ತಿನ್ನುತ್ತೇನೆ. ಕೆಂಪಗಿರುವುದೆಲ್ಲ ರಕ್ತವಾಗುವ ಹಾಗಿದ್ದರೆ ಎಷ್ಟು ಸುಲಭವಿತ್ತು. ಅಡುಗೆಮನೆ ಡಬ್ಬಿಯಲ್ಲಿ ಬೂದಿ ಬಣ್ಣಕ್ಕೆ ಕೂತಿರುವ ಹುರುಳಿಯಲ್ಲಿ ಬೀಟ್‌ರೂಟಿಗಿಂತ ಎಷ್ಟೋ ಪಟ್ಟು ಕಬ್ಬಿಣ ಇದೆ, ಪಾಪ ಅದಕ್ಕೆ ಬಣ್ಣ ಇಲ್ಲ.

ಆ ಶನಿವಾರ ರಾತ್ರಿ ಮೆಹಂದಿ ಕಲಸುತ್ತಿದ್ದೆ. ಕಬ್ಬಿಣದ ಬಾಣಲೆ. ಟೀ ಕಾಫಿ ಡಿಕಾಕ್ಷನ್. ಕೈ ನಿಂತಿತು.

ಬಾಣಲೆಯ ಅಂಚಿನ ಆ ಕಪ್ಪು ಗೆರೆ ಏನು? ಡಿಕಾಕ್ಷನ್ನಿನ ಒಗರು ಬಾಣಲೆಯ ಕಬ್ಬಿಣವನ್ನು ಹಿಡಿದುಕೊಂಡದ್ದು. ಹಳೇ ಕಾಲದಲ್ಲಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಜೋಡಿಯಿಂದ, ಒಗರು ಮತ್ತು ಕಬ್ಬಿಣ. ನನ್ನ ಬೆಳಗಿನ ಕಾಫಿ ಜೊತೆ ಹೊಟ್ಟೆಯೊಳಗೆ ನಡೆಯುತ್ತಿದ್ದುದು ಇದೇ ಕೆಲಸ. ಎರಡು ತಿಂಗಳು ದಿನಾ ಬೆಳಿಗ್ಗೆ ನಾನು ಹೊಟ್ಟೆಯಲ್ಲಿ ಮಸಿ ತಯಾರಿಸಿದ್ದೆ.

ಇನ್ನೂ ಒಂದಿದೆ. ಈ ಬಾಣಲೆ ಮೊದಲು ಎಲ್ಲಿತ್ತು? ಅಡುಗೆಮನೆಯಲ್ಲಿ. ಅಜ್ಜಿ ಇದರಲ್ಲೇ ಸೊಪ್ಪು ಬಾಡಿಸುತ್ತಿದ್ದಳು, ಕಳಲೆ ಹುರಿಯುತ್ತಿದ್ದಳು, ಕಾಚಂಪುಳಿ ಅನ್ನುವ ಹುಳಿ ಹಾಕಿ ಮಾಂಸ ಬೇಯಿಸುತ್ತಿದ್ದಳು. ಕಬ್ಬಿಣದ ಪಾತ್ರೆಯಲ್ಲಿ, ಅದೂ ಹುಳಿ ಹಾಕಿ ಬೇಯಿಸಿದರೆ ಪಾತ್ರೆಯ ಕಬ್ಬಿಣ ಸ್ವಲ್ಪ ಸ್ವಲ್ಪ ಅಡುಗೆಗೆ ಇಳಿಯುತ್ತದೆ. ಆಮೇಲೆ ನಾನ್‌ಸ್ಟಿಕ್ ಬಂತು. ಬಾಣಲೆ ಅಟ್ಟಕ್ಕೆ ಹೋಯಿತು. ನನ್ನ ತಲೆ ನೆರೆತಾಗ ಅಟ್ಟದಿಂದ ಇಳಿದು ಬಚ್ಚಲಿಗೆ ಬಂತು. ಅಜ್ಜಿಯ ಹೊಟ್ಟೆಗೆ ಹೋಗುತ್ತಿದ್ದ ಕಬ್ಬಿಣವನ್ನು ನಾನು ವಾರ ವಾರ ತಲೆಗೆ ಹಚ್ಚಿ ಬಿಸಿನೀರಿನಲ್ಲಿ ತೊಳೆದು ಚರಂಡಿಗೆ ಬಿಡುತ್ತಿದ್ದೆ. ಒಬ್ಬಳೇ ನಕ್ಕೆ. ಗಂಡ ಬಂದು ಏನಾಯ್ತು ಅಂದರು. ಹೇಳಿದೆ. ಅವರಿಗೆ ನಗು ಬರಲಿಲ್ಲ.

ಮಾತ್ರೆ ಆಮೇಲೆ ಸರಿದಾರಿಗೆ ಬಂತು. ರಾತ್ರಿ ಮಲಗುವ ಮೊದಲು, ನಿಂಬೆಹಣ್ಣಿನ ನೀರಿನ ಜೊತೆ, ಕಿತ್ತಳೆ ಸಿಗುವ ಕಾಲದಲ್ಲಿ ಕಿತ್ತಳೆ ಜೊತೆ. ನಮ್ಮ ಹುಳಿ ಕೊಡಗು ಕಿತ್ತಳೆ ಮೊದಲ ಸಲ ಔಷಧಿಯ ಹಾಗೆ ಕಂಡಿತು. ವಿಟಮಿನ್ ಸಿ ಇದ್ದರೆ ಕಬ್ಬಿಣ ಚೆನ್ನಾಗಿ ಹೀರಿಕೊಳ್ಳುತ್ತದೆ. ಡಾಕ್ಟರಮ್ಮ ಇನ್ನೊಂದು ಬದಲಾವಣೆ ಮಾಡಿದರು, ದಿನಾ ಬೇಡ, ದಿನ ಬಿಟ್ಟು ದಿನ ಸಾಕು. ಕಡಿಮೆ ಕೊಟ್ಟರೆ ಹೇಗೆ ಜಾಸ್ತಿಯಾಗುತ್ತೆ ಅಂತ ನನ್ನ ಲೆಕ್ಕದ ತಲೆಗೆ ಹೋಗಲಿಲ್ಲ. ವಿಷಯ ಇಷ್ಟು. ಲಿವರ್‌ನಲ್ಲಿ ಹೆಪ್ಸಿಡಿನ್ ಅಂತ ಒಂದು ಹಾರ್ಮೋನು ತಯಾರಾಗುತ್ತದೆ. ಒಮ್ಮೆ ಕಬ್ಬಿಣ ಒಳಗೆ ಬಂದರೆ ಅದು ಏರಿ ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರ್ಧ ಮುಚ್ಚುತ್ತದೆ. ಮರುದಿನದ ಮಾತ್ರೆ ಮುಚ್ಚಿದ ಬಾಗಿಲಿಗೆ ಬಂದು ನಿಲ್ಲುತ್ತದೆ, ಒಳಗೆ ಹೋಗದ್ದು ಹೊಟ್ಟೆ ಕೆಡಿಸುತ್ತದೆ. ದಿನ ಬಿಟ್ಟು ಕೊಟ್ಟರೆ ಬಾಗಿಲು ತೆರೆದಿರುತ್ತದೆ. ಕಬ್ಬಿಣ ಕಡಿಮೆಯಿದ್ದ ಹೆಂಗಸರ ಮೇಲೆ ಸ್ವಿಟ್ಜರ್ಲೆಂಡಿನವರು ಇದನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ್ದಾರೆ. ಇದು ನನಗೆ ಹೊಂದಿತು, ನಿಮಗೆ ಎಷ್ಟು ಹೇಗೆ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಗರ್ಭಕೋಶದಲ್ಲಿ ಒಂದು ಸಣ್ಣ ಗಡ್ಡೆ ಇತ್ತು, ಅದಕ್ಕೆ ಬೇರೆ ಚಿಕಿತ್ಸೆ ನಡೆಯಿತು. ತೂತು ಮುಚ್ಚದೆ ಕೊಡ ತುಂಬಿಸಿದರೆ ಏನು ಬಂತು?

ಎಂಟು ತಿಂಗಳಲ್ಲಿ 12.6. ಅದಾದ ಮೇಲೂ ಮೂರು ತಿಂಗಳು ಬಿಡಬೇಡಿ, ಡಿಪಾಸಿಟ್ ತುಂಬಬೇಕು ಅಂದರು. ಡಿಪಾಸಿಟ್ ಅನ್ನುವ ಮಾತು ನನ್ನಿಂದಲೇ ಕಲಿತದ್ದು ಅವರು.

ಅಕ್ಕಿಯ ಚಪಲ ಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ. ಮಾತ್ರೆ ಸರಿಯಾಗಿ ಶುರುಮಾಡಿ ತಿಂಗಳಾಗಿರಬಹುದು, ಒಂದು ದಿನ ಬಟ್ಟೆ ಒಗೆಯುವಾಗ ಜೇಬಿನಲ್ಲಿ ಹಳೇ ಅಕ್ಕಿ ಕಾಳು ಸಿಕ್ಕಿದವು. ಬಾಯಿಗೆ ಹಾಕಿಕೊಂಡೆ. ಅಕ್ಕಿ. ಬರೀ ಅಕ್ಕಿ. ಉಗಿದೆ.

ಸರಿ, ಕೂದಲು? ನೀವು ಅದಕ್ಕೇ ಇಲ್ಲಿವರೆಗೆ ಓದಿದ್ದೀರಿ ಅಂತ ಗೊತ್ತು.

ನಾನೂ ಆಸೆಯಿಂದಲೇ ಓದಿದೆ. ಎಲ್ಲೋ ಒಂದು ಕಡೆ ಬಲವಾದ ಸಾಕ್ಷಿ ಸಿಗಲಿ ಅಂತ. ಸಿಕ್ಕಿದ್ದರಲ್ಲಿ ತುಂಬ ಚೆಂದದ್ದು ಜಪಾನಿನದು. 1989ರಲ್ಲಿ ಅಲ್ಲಿನ ವೈದ್ಯರು ಒಂದು ಅಪರೂಪದ ಕೇಸ್ ವರದಿ ಮಾಡಿದರು. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದವರ ಕಪ್ಪು ಕೂದಲಿನಲ್ಲಿ ಒಂದೇ ಎಳೆಯಲ್ಲಿ ಕಪ್ಪು, ಮಾಸಲು, ಕಪ್ಪು, ಮಾಸಲು ಅಂತ ಪಟ್ಟೆ ಪಟ್ಟೆ. ಕಬ್ಬಿಣ ಕೊಟ್ಟ ಮೇಲೆ ಪಟ್ಟೆ ನಿಂತಿತು. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಬೆಳೆಯುತ್ತದಲ್ಲ, ಹಾಗಾಗಿ ಒಂದು ಉದ್ದ ಎಳೆ ಅಂದರೆ ಎರಡು ಮೂರು ವರ್ಷದ ಡೈರಿ. ಆ ರಾತ್ರಿ ನಾನು ಬಾಚಣಿಗೆಯಿಂದ ಎಳೆಗಳನ್ನು ತೆಗೆದು, ಬಿಳಿ ಎಳೆಯನ್ನು ಕ್ಯಾಲೆಂಡರಿನ ಕಪ್ಪು ಭಾಗದ ಮೇಲೆ, ಕಪ್ಪು ಎಳೆಯನ್ನು ಬಿಳಿ ತಟ್ಟೆ ಮೇಲೆ ಇಟ್ಟು ಫೋನಿನ ಟಾರ್ಚ್ ಹಾಕಿ ನೋಡಿದೆ. ಒಂದು ಸಿಕ್ಕಿತು! ಬುಡದಲ್ಲಿ ಬಿಳಿ, ನಡುವೆ ಕಂದು, ತುದಿ ಕಪ್ಪು ಕೆಂಪು. ಎದೆ ಹೊಡೆದುಕೊಂಡಿತು. ಮಗನನ್ನು ಕರೆದು ತೋರಿಸಿದೆ. 'ಅಮ್ಮಾ, ಅದು ಮೆಹಂದಿ' ಅಂದ.

ಉಳಿದ ಸಾಕ್ಷಿಗಳು ಒಂದೊಂದು ದಿಕ್ಕಿಗೆ ಎಳೆಯುತ್ತವೆ. 25 ತುಂಬದ ಭಾರತೀಯ ಹುಡುಗ ಹುಡುಗಿಯರ ಮೇಲೆ ಮಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇಗ ನೆರೆತವರಿಗೆ ಫೆರಿಟಿನ್, ಬಿ12 ಎರಡೂ ಕಡಿಮೆ ಇದ್ದವು. 2012ರಲ್ಲಿ ಇರಾನಿನವರು ನೋಡಿದಾಗ ಬೇಗ ನೆರೆತವರಲ್ಲಿ ತಾಮ್ರ ಕಡಿಮೆ ಇತ್ತು, ಕಬ್ಬಿಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ತಾಮ್ರದ್ದು ಅರ್ಥವಾಗುತ್ತದೆ. ಕೂದಲಿಗೆ ಬಣ್ಣ ಕೊಡುವ ಮೆಲನಿನ್ ತಯಾರಿಸಲು ಬೇಕಾದ ಕಿಣ್ವ ತಾಮ್ರ ಇಲ್ಲದೆ ಕೆಲಸ ಮಾಡುವುದಿಲ್ಲ. ಬಿ12 ಕೊರತೆಗೂ ನೆರೆಗೂ ಇರುವ ನಂಟು ಇವೆಲ್ಲಕ್ಕಿಂತ ಹಳೆಯದು, ಗಟ್ಟಿ. ಕಬ್ಬಿಣದ ನಂಟು ಮಾತ್ರ ತೆಳು. ಎರಡೂ ಒಬ್ಬರಲ್ಲೇ ಇದ್ದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಅನ್ನಲಾಗುವುದಿಲ್ಲ. ನೂರಕ್ಕೆ 57 ಹೆಂಗಸರಿಗೆ ರಕ್ತಹೀನತೆ ಇರುವ ದೇಶದಲ್ಲಿ ಬಿಳಿ ಕೂದಲಿನ ಯಾರನ್ನು ಹಿಡಿದರೂ ಅರ್ಧಕ್ಕರ್ಧ ರಕ್ತ ಕಡಿಮೆ ಇರುವವರೇ ಸಿಗುತ್ತಾರೆ. ಆ ವಿಡಿಯೊದವನ ವ್ಯಾಪಾರ ನಡೆಯುವುದು ಈ ಸಂದಿನಲ್ಲೇ.

'ನಿಮ್ಮ ಅಪ್ಪನ ತಲೆ ಹೇಗಿತ್ತು?' ಅಂತ ಡಾಕ್ಟರಮ್ಮ ಮೊದಲ ದಿನವೇ ಕೇಳಿದ್ದರು. ಅಪ್ಪನಿಗೆ 30ಕ್ಕೇ ಪೂರ್ತಿ ಬಿಳಿ. ಮದುವೆ ಫೋಟೊದಲ್ಲಿ ಅವರನ್ನು ನೋಡಿದವರು ಮಾವನಾ ಅಂತ ಕೇಳುತ್ತಾರೆ. ಅಪ್ಪ ಬದುಕಿರುವವರೆಗೆ ಯಾರೂ ಅವರಿಗೆ ಕರಿಬೇವಿನ ಎಣ್ಣೆ ಕಾಯಿಸಿಕೊಡಲಿಲ್ಲ. ಗಂಭೀರವಾದ ಮುಖ ಅಂದರು.

ನನ್ನ ಫಲಿತಾಂಶ ಹೀಗಿದೆ. ಉದುರುವುದು ನಿಂತಿತು. ಮೊದಲು ಬಚ್ಚಲ ಜಾಲರಿಯಲ್ಲಿ ಮುಷ್ಟಿ ಮುಷ್ಟಿ ಸಿಗುತ್ತಿತ್ತು, ಈಗ ನಾಲ್ಕೆಳೆ. ಹಣೆಯ ಮೇಲೆ ಮರಿಕೂದಲು ಬಂದಿದೆ. ಆ ಮರಿಕೂದಲಲ್ಲಿ ಕೆಲವು ಹುಟ್ಟುವಾಗಲೇ ಬಿಳಿ. ಬಿಳಿ ಹೋಗಿ ಕಪ್ಪಾದದ್ದು ಒಂದೂ ಇಲ್ಲ. ಈ ಸಲದ ತೀರ್ಥೋದ್ಭವಕ್ಕೆ ತಲಕಾವೇರಿಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ ಮೇಲೆ ನಿಂತು ಹಿಂದೆ ನೋಡಿದರೆ ಗಂಡ ಅರ್ಧದಲ್ಲಿದ್ದರು.

ಇಷ್ಟೆಲ್ಲ ಹೇಳಿದೆ ಅಂತ ನಾಳೆಯೇ ಅಂಗಡಿಗೆ ಹೋಗಿ ಕಬ್ಬಿಣದ ಮಾತ್ರೆ ತಂದು ನುಂಗಬೇಡಿ. ರಕ್ತ ಕಡಿಮೆ ಅಂದರೆ ಎಲ್ಲ ಸಲವೂ ಕಬ್ಬಿಣವೇ ಅಲ್ಲ. ನಮ್ಮ ಜಿಲ್ಲೆಯ ಆದಿವಾಸಿ ಹಾಡಿಗಳಲ್ಲಿ ಸಿಕಲ್ ಸೆಲ್ ಪರೀಕ್ಷೆ ಮಾಡುವುದು ಇದಕ್ಕೇ, ಅದು ಹುಟ್ಟಿನಿಂದ ಬರುವ ಬೇರೆಯದೇ ತೊಂದರೆ. ಗಂಡಸರಿಗೆ, ಮುಟ್ಟು ನಿಂತವರಿಗೆ ಕಬ್ಬಿಣ ಕಡಿಮೆಯಾದರೆ ಹೊಟ್ಟೆಯಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ನೋಡಲೇಬೇಕು. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು. ಅದರ ಮರಿ ಒದ್ದೆ ಮಣ್ಣಿನಿಂದ ಪಾದದ ಚರ್ಮ ಕೊರೆದು ಒಳಗೆ ಬರುತ್ತದೆ, ಕರುಳಿಗೆ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಕುಡಿಯುತ್ತದೆ. ನಾವು ಜಿಗಣೆಗೆ ಹೆದರಿ ಕಾಲಿಗೆ ಸುಣ್ಣ, ನಶ್ಯ ಹಚ್ಚಿಕೊಳ್ಳುತ್ತೇವೆ. ಪಾಪದ ಜಿಗಣೆ, ಹೊಟ್ಟೆ ತುಂಬಿದರೆ ತಾನಾಗಿ ಬಿದ್ದು ಹೋಗುತ್ತದೆ. ಗಂಬೂಟು ಬೇಕಿರುವುದು ಕಣ್ಣಿಗೆ ಕಾಣದ ಇನ್ನೊಂದಕ್ಕೆ. ತೋಟದ ಕೆಲಸದವರ ಲೈನ್ ಮನೆಯ ಹೆಂಗಸರಿಗೆ ಗಂಬೂಟು ಕೊಡಿಸಿ ಅಂತ ನಮ್ಮ ಕಡೆಯ ಒಬ್ಬರು ತೋಟದವರಿಗೆ ಹೇಳಿದೆ. ನೋಡೋಣ ಅಂದರು. ಕುಯ್ಲು ಮುಗಿಯಿತು, ಇನ್ನೂ ನೋಡುತ್ತಿದ್ದಾರೆ.

ಮೆಹಂದಿ ಬಿಟ್ಟೆಯಾ ಅಂತ ಕೇಳಬೇಡಿ. ಬಿಟ್ಟಿಲ್ಲ. ಹದಿನೈದು ದಿನಕ್ಕೊಮ್ಮೆ ಆಗಿದೆ ಅಷ್ಟೇ. ಅಡುಗೆಮನೆಗೆ ಹೊಸದೊಂದು ಕಬ್ಬಿಣದ ಬಾಣಲೆ ತಂದೆ, ಕುಶಾಲನಗರದ ಸಂತೆಯಲ್ಲಿ, ಚೌಕಾಸಿ ಮಾಡಿ. ಕಾಫಿ ಈಗ ಬೆಳಿಗ್ಗೆ ಎದ್ದ ಕೂಡಲೇ ಒಂದು, ಅದಾಗಿ ಗಂಟೆಯ ಮೇಲೆಯೇ ತಿಂಡಿ. ಊಟದ ಮೇಲಿನ ಕಾಫಿ ನಾಲ್ಕು ಗಂಟೆಗೆ ಹೋಗಿದೆ. ನೆಂಟರ ಮನೆಯಲ್ಲಿ ಊಟವಾದ ಕೂಡಲೇ ಲೋಟ ಮುಂದೆ ಬಂದರೆ ಬೇಡ ಅನ್ನಲು ಇನ್ನೂ ನಾಲಿಗೆ ಏಳುವುದಿಲ್ಲ.

ಹೋದ ತಿಂಗಳು ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳಿಗೆ 16. ಮೊಣಕಾಲಿನವರೆಗೆ ಜಡೆ, ಕಾಡಿಗೆಯಂಥ ಕಪ್ಪು, ಊರಿನವರೆಲ್ಲ ದೃಷ್ಟಿ ತೆಗೆಯಿರಿ ಅನ್ನುವಂಥ ಕೂದಲು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣದ ನೀಲಿ ಮಾತ್ರೆಯನ್ನು ಹುಡುಗಿಯರೆಲ್ಲ ಕಿಟಕಿಯಿಂದಾಚೆ ಎಸೆಯುತ್ತಾರಂತೆ, ತಾನೂ ಎಸೆಯುತ್ತಾಳಂತೆ, ನಗುತ್ತಾ ಹೇಳಿದಳು. ಜಗಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಬಲಗೈ ಕಲ್ಲು ಹುಡುಕುತ್ತಿತ್ತು. ಎಡಗೈ ಮೊರದಿಂದ ಬಾಯಿಗೆ, ಬಾಯಿಂದ ಮೊರಕ್ಕೆ ಹೋಗಿ ಬರುತ್ತಿತ್ತು. ಕರಕರ. 'ಹಸಿ ಅಕ್ಕಿ ತಿನ್ನಬೇಡ್ವೇ, ಮದುವೇಲಿ ಮಳೆ ಬರುತ್ತೆ' ಅಂತ ಒಳಗಿಂದ ಅಕ್ಕ ಕೂಗಿದಳು.

ನಾನು ಹೋಗಿ ಅವಳ ಪಕ್ಕ ಕೂತೆ. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದೆ.

'ಸೋಮವಾರ ಬೆಳಿಗ್ಗೆ ರೆಡಿ ಇರು, ಬಸ್ಸಿಗೆ ಹೋಗೋಣ' ಅಂದೆ.

'ಎಲ್ಲಿಗೆ ಚಿಕ್ಕಮ್ಮಾ?'

ಬಾಯಲ್ಲಿ ಅಕ್ಕಿ ಹಾಗೇ ಇತ್ತು.